ಇಂದಿರಾಬಾಯಿಯನ್ನು ಅಳಿಸಿದ ಕಥೆ

ನಮ್ಮ ಕಡೆ ಟ್ರೈಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸುವ ಡಬ್ಬಿ. ಅದರಲ್ಲಿ ಕೆಂಪುಕಲ್ಲು ಬರುತ್ತದೆ, ಬೈಹುಲ್ಲು ಬರುತ್ತದೆ, ಚೌತಿ ಕಳೆದ ಮೇಲೆ ಗಣಪತಿಯೂ ಅದರಲ್ಲೇ ಕುಳಿತು ಹೊಳೆಗೆ ಹೋಗುತ್ತಾನೆ. ಹೀಗಿರುವಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ, "ಟೀಚರ್, ಈ ಸಲ ರಾಜ್ಯೋತ್ಸವಕ್ಕೆ ಭಾಷಣ ಬೇಡ, ಒಂದು ಪುಸ್ತಕಕ್ಕೆ ಟ್ರೈಲರ್ ಮಾಡುವ" ಎಂದಾಗ, ಅಲ್ಲೇ ಅಕ್ಕಿ ಅಳೆಯುತ್ತಿದ್ದ ಬಿಸಿಯೂಟದ ಅಕ್ಕ ನಕ್ಕುಬಿಟ್ಟರು. "ಟ್ರೈಲರಿನಲ್ಲಿ ಹೇರುವಷ್ಟು ಪುಸ್ತಕ ನಮ್ಮ ಶಾಲೆಯಲ್ಲಿ ಉಂಟಾ ಟೀಚರ್?" ಎಂದು ಕೇಳಿದರು. ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ನಮ್ಮ ಗ್ರಂಥಾಲಯವೆಂದರೆ ಸ್ಟಾಫ್ ರೂಮಿನ ಮೂಲೆಯ ಎರಡು ಕಪಾಟು. ಅದರ ಬೀಗದ ಕೈ ನನ್ನ ಬಳಿ ಇದೆ. ಎರವಲು ಪುಸ್ತಕದ ರಿಜಿಸ್ಟರೂ ನನ್ನದೇ. ಆ ರಿಜಿಸ್ಟರಿನಲ್ಲಿ ಕಳೆದ ಕೆಲವು ವರ್ಷಗಳಿಂದ ಯಾವ ಹೆಸರುಗಳಿವೆ, ಯಾವ ಹೆಸರುಗಳಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಹುಡುಗನ ಸಲಹೆಗೆ ಒಪ್ಪಿಕೊಂಡೆ.

ಈ ಪ್ರಬಂಧ ಆ ಟ್ರೈಲರನ್ನು ಕುರಿತದ್ದು. ನಾನು ಮಾಡಿದ ಒಂದು ಕೆಟ್ಟ ಕೃತಿಯ ವಿಮರ್ಶೆಯನ್ನು ನಾನೇ ಬರೆಯುತ್ತಿದ್ದೇನೆ. ಬೇರೆಯವರ ಕೃತಿಯ ಬಗ್ಗೆ ಬರೆಯುವಾಗ ಇರುವ ಧೈರ್ಯ ಇಲ್ಲಿ ಇಲ್ಲ. ಆದರೆ ಬೇರೆಯವರು ಬರೆಯುವ ಸಂಭವವೂ ಇಲ್ಲದ್ದರಿಂದ ನಾನೇ ಬರೆಯಬೇಕಾಗಿದೆ.

ಮೊದಲಿಗೆ ಯಾವ ಪುಸ್ತಕ ಎಂಬ ಪ್ರಶ್ನೆ ಬಂತು. ಮಕ್ಕಳು ಒಕ್ಕೊರಲಿನಿಂದ ತೇಜಸ್ವಿ ಎಂದರು. ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ. ನಮ್ಮ ದೇಶದ ಕಾನೂನಿನ ಪ್ರಕಾರ ಲೇಖಕರು ತೀರಿದ ವರ್ಷದ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಕೃತಿಯ ಹಕ್ಕು ಅವರ ವಾರಸುದಾರರದು. ಓದುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಅವರ ವಾಕ್ಯಗಳನ್ನು ಓದಿ, ಚಿತ್ರ ಜೋಡಿಸಿ, ಊರಿಗೆಲ್ಲ ಹಂಚುವುದಾದರೆ ಅಪ್ಪಣೆ ಬೇಕು. ಹಾಗಾಗಿ ಹಳೆಯ ಪುಸ್ತಕವನ್ನು ಹುಡುಕಿದೆವು. ಕಪಾಟಿನ ಕೆಳಗಿನ ಅರೆಯಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಇತ್ತು. ನಾನು ಬಿ.ಎ. ಓದುವಾಗ ಪರೀಕ್ಷೆಗೆಂದು ಅದರ ಬಗ್ಗೆ ಬಾಯಿಪಾಠ ಮಾಡಿದ್ದ ವಾಕ್ಯ ಇಂದಿಗೂ ನೆನಪಿದೆ: ಕನ್ನಡದ ಮೊದಲ ಸಾಮಾಜಿಕ ಕಾದಂಬರಿ, 1899, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ. ಐದು ಅಂಕದ ಪ್ರಶ್ನೆಗೆ ಅಷ್ಟು ಸಾಕಾಗಿತ್ತು. ಪುಸ್ತಕವನ್ನು ಪೂರ್ತಿ ಓದಿದ್ದು ಕೆಲಸಕ್ಕೆ ಸೇರಿದ ಮೇಲೆ, ಒಂದು ಮಳೆಗಾಲದ ರಜೆಯಲ್ಲಿ.

ವೆಂಕಟರಾಯರು 1844ರಲ್ಲಿ ಹುಟ್ಟಿ 1913ರಲ್ಲಿ ತೀರಿಕೊಂಡವರು, ಪೊಲೀಸ್ ಇಲಾಖೆಯಲ್ಲಿದ್ದವರು. ಅವರ ಕಾದಂಬರಿಯ ಪೂರ್ಣ ಹೆಸರು 'ಇಂದಿರಾಬಾಯಿ ಅಥವಾ ಸದ್ಧರ್ಮವಿಜಯವು'. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಇಂದಿರೆ, ತಂದೆ ಭೀಮರಾಯ, ತಾಯಿ ಅಂಬಾಬಾಯಿ, ಭಕ್ತಿಯ ಹೆಸರಿನಲ್ಲಿ ಮನೆಗೆ ನುಗ್ಗುವ ಸಂತಮಂಡಳಿಯ ಕಪಟಿಗಳು, ಆ ಮನೆಯಿಂದ ಪಾರಾಗಿ ಬಂದ ಹುಡುಗಿಗೆ ಆಶ್ರಯ ಕೊಡುವ ಅಮೃತರಾಯ, ಅವಳ ವಿದ್ಯಾಭ್ಯಾಸ, ಕೊನೆಗೆ ಭಾಸ್ಕರನೊಂದಿಗೆ ಅವಳ ಮದುವೆ. ವಿಧವಾ ವಿವಾಹಕ್ಕೆ ಅವಕಾಶ ಕೊಟ್ಟ ಕಾನೂನು ಬಂದದ್ದು 1856ರಲ್ಲಿ. ಕಾನೂನು ಬಂದು 43 ವರ್ಷಗಳಾದ ಮೇಲೂ ಅದನ್ನು ಕಥೆಯಾಗಿ ಬರೆಯಬೇಕಾಯಿತೆಂದರೆ, ಮನೆಯ ಹೊಸ್ತಿಲು ದಾಟಿ ಒಳಗೆ ಬರಲು ಕಾನೂನಿಗೆ ಎಷ್ಟು ಕಾಲ ಬೇಕು ಎಂಬುದನ್ನು ಊಹಿಸಬಹುದು.

ಪುಸ್ತಕ ನಿಶ್ಚಯವಾಯಿತು. ಇನ್ನು ಸಾಧನ. ಹಿಂದೆ ಕಂಪ್ಯೂಟರಿನ ಜೊತೆಗೇ ಬರುತ್ತಿದ್ದ ಮೂವಿ ಮೇಕರ್ ಎಂಬ ತಂತ್ರಾಂಶವನ್ನು ನಾನು ತರಬೇತಿಯೊಂದರಲ್ಲಿ ಕಲಿತಿದ್ದೆ. ಅದನ್ನು ಕಂಪನಿಯವರು 2017ರಲ್ಲೇ ನಿಲ್ಲಿಸಿದ್ದಾರಂತೆ. ಹುಡುಗ ಓಪನ್‌ಶಾಟ್ ಎಂಬುದನ್ನು ಹಾಕಿಕೊಟ್ಟ. 2008ರಲ್ಲಿ ಶುರುವಾದ ಇದು ಉಚಿತ ಮಾತ್ರವಲ್ಲ, ಮುಕ್ತ ಕೂಡ. ಅಂದರೆ ದುಡ್ಡು ಕೊಡಬೇಕಾಗಿಲ್ಲ. ಜೊತೆಗೆ ಅದು ಹೇಗೆ ಕೆಲಸ ಮಾಡುತ್ತದೆಂದು ಬಲ್ಲವರು ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ತರಗತಿಯಲ್ಲಿ ಪರ್ಯಾಯ ಪದಗಳೆಂದು ಪಾಠ ಮಾಡುತ್ತಿದ್ದ ಎರಡು ಶಬ್ದಗಳ ವ್ಯತ್ಯಾಸ ನನಗೆ ಅಂದು ತಿಳಿಯಿತು.

ಹೊಲಿಗೆ ಬಲ್ಲವರಿಗೆ ಈ ಕೆಲಸ ಕಷ್ಟವಲ್ಲ. ಪರದೆಯ ಕೆಳಭಾಗದಲ್ಲಿ ಒಂದರ ಮೇಲೊಂದು ಪಟ್ಟಿಗಳಿರುತ್ತವೆ. ಮೇಲಿನ ಪಟ್ಟಿಯಲ್ಲಿ ಅಕ್ಷರ, ನಡುವಿನದರಲ್ಲಿ ಚಿತ್ರ, ಕೆಳಗಿನದರಲ್ಲಿ ಧ್ವನಿ. ಎಡದಿಂದ ಬಲಕ್ಕೆ ಕಾಲ ಸರಿಯುತ್ತದೆ. ಬೇಕಾದಲ್ಲಿ ಕತ್ತರಿಸಬೇಕು, ಬೇಡದ್ದನ್ನು ತೆಗೆಯಬೇಕು, ಉಳಿದದ್ದನ್ನು ಸೇರಿಸಬೇಕು. ಎರಡು ತಪ್ಪು ಮಾಡಿದೆ, ಎರಡೂ ನನ್ನವೇ. ಹಳೆಯ ವಿನ್ಯಾಸದ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟಿದ್ದ ಶೀರ್ಷಿಕೆಯನ್ನು ಹಾಗೇ ತಂದು ಅಂಟಿಸಿದೆ. 'ಸದ್ಧರ್ಮವಿಜಯವು' ಎಂದಿರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಮೊಸರವಲಕ್ಕಿ ಕಾಣಿಸಿತು. ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಬೇಕಾಯಿತು. ಎರಡನೆಯದು, ಎಲ್ಲ ಜೋಡಿಸಿಯಾದ ಮೇಲೆ ಒಪ್ಪವಾಗಿರಲೆಂದು ಚಿತ್ರಗಳನ್ನು ಬೇರೆ ಕಡತಕೋಶಕ್ಕೆ ಸಾಗಿಸಿದೆ. ಮರುದಿನ ತೆರೆದರೆ ಚಿತ್ರಗಳೇ ಇಲ್ಲ. ತಂತ್ರಾಂಶ ಚಿತ್ರವನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸವನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಮನೆ ಬದಲಿಸಿ ವಿಳಾಸ ತಿಳಿಸದಿದ್ದರೆ ಅಂಚೆಯವನದೇನು ತಪ್ಪು?

ಅಂತೂ 1 ನಿಮಿಷ 50 ಸೆಕೆಂಡಿನ ಟ್ರೈಲರ್ ಸಿದ್ಧವಾಯಿತು. ಅದರಲ್ಲಿ ಏನಿತ್ತೆಂದು ಹೇಳುತ್ತೇನೆ. ಕತ್ತಲೆಯಲ್ಲಿ ಒಂದು ಹಣತೆ. ಹಳೆಯ ಮನೆಯ ಕಿಟಕಿಯ ಸರಳು. ಆ ಸರಳಿನ ಹಿಂದೆ ಬಿಳಿಸೀರೆಯುಟ್ಟು ತಲೆಯ ಮೇಲೆ ಸೆರಗು ಹೊದ್ದ ಹುಡುಗಿ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಸೀರೆ ತಂದು ಉಟ್ಟಿದ್ದಳು. ಅವಳ ಮುಖದತ್ತ ನಿಧಾನವಾಗಿ ಹತ್ತಿರವಾಗುವ ನೋಟ. ಅದನ್ನೂ ತಂತ್ರಾಂಶವೇ ಮಾಡಿಕೊಡುತ್ತದೆ, ಒಂದು ಗುಂಡಿ ಒತ್ತಿದರೆ ಸಾಕು. ಕೆನ್ನೆಯ ಮೇಲೆ ನೀರಿನ ಹನಿ. ಹಿನ್ನೆಲೆಯಲ್ಲಿ ಕೊಳಲು. ಅಂತರ್ಜಾಲದಲ್ಲಿ ಬಿಟ್ಟಿ ಸಂಗೀತದ ಭಂಡಾರವೊಂದಿದೆ, ಅಲ್ಲಿ ರಾಗ ತಾಳಗಳ ಪ್ರಕಾರ ಅಲ್ಲ, ಸಂತೋಷ, ದುಃಖ, ಭಯ ಎಂದು ವಿಂಗಡಿಸಿ ಇಟ್ಟಿರುತ್ತಾರೆ. ನಾವು ದುಃಖದ ಡಬ್ಬಿಯಿಂದ ಒಂದನ್ನು ತೆಗೆದುಕೊಂಡೆವು. ನಡುನಡುವೆ ಅಕ್ಷರಗಳು ಮೂಡಿ ಮಾಯವಾಗುತ್ತಿದ್ದವು: 'ಒಬ್ಬ ಬಾಲವಿಧವೆ', 'ಒಂದು ಕ್ರೂರ ಸಮಾಜ', 'ಒಂದು ಕಣ್ಣೀರಿನ ಕಥೆ'. ಈ ಸಾಲುಗಳನ್ನು ಬರೆದವಳು ನಾನು.

ನವೆಂಬರ್ ಒಂದರಂದು ಸಭೆಯಲ್ಲಿ ತೋರಿಸಿದೆವು. ಚಪ್ಪಾಳೆ ಬಿತ್ತು. ಮುಖ್ಯೋಪಾಧ್ಯಾಯರು ಬೆನ್ನು ತಟ್ಟಿದರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳು ಸಾಲುಗಟ್ಟಿದವು. ನನಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು. ಸಭೆ ಮುಗಿದು ಪಾನಕ ಕೊಡುತ್ತಿರುವಾಗ, ಸೀರೆ ಕೊಟ್ಟ ಆ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ನನ್ನ ಬಳಿ ಬಂದರು. ಎಂಬತ್ತು ದಾಟಿದವರು. "ಚಂದ ಆಯ್ತು ಟೀಚರ್ರೆ" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಆ ಹೆಣ್ಣು ಬರೀ ಅಳೂದೇ ಕಾಣತ್ತಲ್ಲ. ಬೇರೆಂತ ಮಾಡ್ಲಿಲ್ಯಾ ಅದು?" ಎಂದು ಕೇಳಿದರು.

"ಮಾಡ್ತಾಳೆ ಅಮ್ಮ, ಮನೆ ಬಿಟ್ಟು ಹೋಗ್ತಾಳೆ, ಓದ್ತಾಳೆ, ಮದುವೆಯೂ ಆಗ್ತಾಳೆ" ಎಂದೆ.

"ಹೌದಾ? ಮತ್ತೆ ಅದನ್ನು ತೋರಿಸ್ಲೇ ಇಲ್ಲ ನೀವು" ಎಂದರು. ಆಕ್ಷೇಪದ ಧ್ವನಿಯಲ್ಲ, ಬಡಿಸುವಾಗ ಸಾರು ಮರೆತುಹೋದದ್ದನ್ನು ನೆನಪಿಸುವ ಧ್ವನಿ.

ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ತಾಗಿರಲಿಲ್ಲ. ಅದರ ಮೇಲೆ ರಿಜಿಸ್ಟರಿನ ಸಾಕ್ಷಿ. ಒಂದು ತಿಂಗಳು ಕಳೆದರೂ ಆ ಪುಸ್ತಕವನ್ನು ಯಾರೂ ಕೇಳಿ ಬರಲಿಲ್ಲ. ಮಕ್ಕಳನ್ನು ವಿಚಾರಿಸಿದರೆ, "ಕಥೆ ಗೊತ್ತಾಯಿತಲ್ಲ ಟೀಚರ್, ಪಾಪ ಅವಳು" ಎಂದರು. ಕಥೆ ಅವರಿಗೆ ಗೊತ್ತಾಗಿರಲಿಲ್ಲ. ಆದರೆ ಗೊತ್ತಾಯಿತು ಎಂಬ ಭಾವನೆಯನ್ನು ನಾನು ಕೊಟ್ಟಿದ್ದೆ. ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಅಪಕಾರವಿಲ್ಲ.

ಎಲ್ಲಿ ತಪ್ಪಿತು? ಸಿನಿಮಾದವರ ಟ್ರೈಲರನ್ನು ನೆನೆಸಿಕೊಳ್ಳಿ. ಮೊದಮೊದಲು ಮುಂಬರುವ ಚಿತ್ರದ ತುಣುಕನ್ನು ನಡೆಯುವ ಚಿತ್ರದ ಕೊನೆಗೆ ಅಂಟಿಸುತ್ತಿದ್ದರಂತೆ. ಹಿಂದಿನಿಂದ ಬರುವುದರಿಂದ ಅದಕ್ಕೆ ಆ ಹೆಸರು. ಅಂದರೆ ನಮ್ಮ ಟ್ರ್ಯಾಕ್ಟರಿನ ಡಬ್ಬಿಗೂ ಅದಕ್ಕೂ ನೆಂಟಸ್ತಿಕೆ ಇದ್ದೇ ಇದೆ. ಆ ತುಣುಕು ಸಿನಿಮಾದಿಂದಲೇ ಕತ್ತರಿಸಿದ್ದು, ಒಂದೇ ಥಾನಿನ ಬಟ್ಟೆ. ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕೆನ್ನುತ್ತೇವೆ. ಆ ಅಗುಳು ಅದೇ ಪಾತ್ರೆಯದಾಗಿರಬೇಕು. ಪುಸ್ತಕದ ಪಾತ್ರೆಯಲ್ಲಿರುವುದು ಮಾತು ಮಾತ್ರ. ಹಣತೆ, ಕಿಟಕಿ, ಕೊಳಲು ಯಾವುದೂ ಅಲ್ಲಿಂದ ಬಂದದ್ದಲ್ಲ. ನನ್ನ ಟ್ರೈಲರಿನಲ್ಲಿ ವೆಂಕಟರಾಯರ ಒಂದೇ ಒಂದು ವಾಕ್ಯ ಇರಲಿಲ್ಲ! ಪುಸ್ತಕದ ಟ್ರೈಲರುಗಳೆಂದು ನಾನು ಆಮೇಲೆ ಹುಡುಕಿ ನೋಡಿದ ಹಲವು ಇದೇ ಜಾತಿಯವು. ಮೇಣದಬತ್ತಿ, ತಾನಾಗಿ ಮಗುಚುವ ಹಾಳೆ, ಗರಿಯ ಲೇಖನಿ, ಗುಡುಗು. ಹೆಸರು ಬದಲಿಸಿದರೆ ಯಾವ ಪುಸ್ತಕಕ್ಕೂ ಹೊಂದುತ್ತವೆ. ಎಲ್ಲರ ಮದುವೆಗೂ ಒಂದೇ ಒಕ್ಕಣೆಯ ಆಮಂತ್ರಣ ಪತ್ರಿಕೆ ಇದ್ದಂತೆ.

ಇನ್ನೊಂದು ತಪ್ಪು, ಮುಖ ತೋರಿಸಿದ್ದು. ಕಾದಂಬರಿ ಓದುವವರು ಇಂದಿರೆಗೆ ತಮ್ಮ ನೆನಪಿನಿಂದ ಒಂದು ಮುಖ ಕೊಡುತ್ತಾರೆ. ಓದಿನ ಸುಖದಲ್ಲಿ ಅದು ದೊಡ್ಡ ಪಾಲು. ಹತ್ತನೆಯ ತರಗತಿಯ ಆ ಹುಡುಗಿ ಎಷ್ಟೇ ಚೆನ್ನಾಗಿ ನಿಂತರೂ, ನೂರು ಮಕ್ಕಳ ನೂರು ಇಂದಿರೆಯರನ್ನು ನಾನು ಒಬ್ಬಳನ್ನಾಗಿ ಮಾಡಿಬಿಟ್ಟೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪುಸ್ತಕದಲ್ಲಿ ಅಳು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದರಲ್ಲಿ ನಗು ಧಾರಾಳವಾಗಿದೆ. ಸಂತಮಂಡಳಿಯ ಕಪಟವನ್ನು ಬಯಲಿಗೆಳೆಯುವಾಗ ವೆಂಕಟರಾಯರಿಗೆ ಪೊಲೀಸಿನವರ ಕಣ್ಣೂ ಇದೆ, ಹಾಸ್ಯಗಾರನ ನಾಲಗೆಯೂ ಇದೆ. ಕಾದಂಬರಿಗೆ ದೋಷಗಳಿಲ್ಲದಿಲ್ಲ. ಒಳ್ಳೆಯವರು ತೀರ ಒಳ್ಳೆಯವರು, ಕೆಟ್ಟವರು ತೀರ ಕೆಟ್ಟವರು. ಉಪದೇಶ ಕಥೆಯನ್ನು ಅಲ್ಲಲ್ಲಿ ತಡೆದು ನಿಲ್ಲಿಸುತ್ತದೆ. ಆದರೂ ಹೆಸರಿನಲ್ಲೇ ವಿಜಯವನ್ನು ಇಟ್ಟುಕೊಂಡ ಪುಸ್ತಕ ಅದು. ನಾನು ಅದನ್ನು ಸೋಲಿನ ಕಥೆಯನ್ನಾಗಿ ಮಾಡಿದ್ದೆ. ಕನ್ನಡದಲ್ಲಿ 'ಅಳಿಸು' ಎಂಬುದಕ್ಕೆ ಎರಡು ಅರ್ಥ. ಇಂದಿರೆಯನ್ನು ಅಳುವಂತೆ ಮಾಡುವ ಭರದಲ್ಲಿ ಅವಳನ್ನು ಒರೆಸಿಯೇ ಹಾಕಿದ್ದೆ.

ಬಿಟ್ಟಿ ಸಂಗೀತವನ್ನು, ಸಿದ್ಧ ಗುಂಡಿಗಳನ್ನು ದೂರುವುದು ಸುಲಭ. ಸಿದ್ಧವಸ್ತುವಿನ ಜೊತೆಗೆ ಸಿದ್ಧ ಅಭಿಪ್ರಾಯವೂ ಬರುತ್ತದೆ ಎಂಬುದು ನಿಜವೇ. ಆದರೆ ದುಃಖದ ಡಬ್ಬಿಗೆ ಕೈಹಾಕಿದವಳು ನಾನೇ ತಾನೆ? ಈ ಪ್ರಶ್ನೆ ಕೆಲವು ರಾತ್ರಿ ನಿದ್ದೆ ಕೆಡಿಸಿತು. ನನ್ನ ಅಜ್ಜಯ್ಯನ ತಂಗಿ ಹದಿಮೂರನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಾವು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆವು. ನಾನು ಮೂರನೆಯ ತರಗತಿಯಲ್ಲಿದ್ದಾಗ ತೀರಿಕೊಂಡರು. ಯಾರಾದರೂ ಅವರ ಬಗ್ಗೆ ಕೇಳಿದರೆ "ಪಾಪ, ಬಾಲವಿಧವೆ, ಜೀವನವೆಲ್ಲ ಕಣ್ಣೀರು" ಎಂದೇ ನಾನು ಹೇಳುತ್ತಾ ಬಂದಿದ್ದೆ. ಅಜ್ಜಿಯ ಪ್ರಶ್ನೆ ಕೇಳಿದ ಮೇಲೆ ಜ್ಞಾಪಿಸಿಕೊಂಡು ನೋಡಿದೆ. ದೊಡ್ಡತ್ತೆ ಅತ್ತದ್ದನ್ನು ನಾನು ಕಂಡೇ ಇಲ್ಲ. ಕಂಡದ್ದು ಬೇರೆ. ಭತ್ತದ ಮೂಟೆಗಳ ಲೆಕ್ಕವನ್ನು ಗೋಡೆಯ ಮೇಲೆ ಇದ್ದಲಿನಿಂದ ಗೀರು ಎಳೆದು ಇಡುತ್ತಿದ್ದರು. ಅಜ್ಜಯ್ಯನ ಪುಸ್ತಕದ ಲೆಕ್ಕ ತಪ್ಪಿದಾಗ ಆ ಗೋಡೆಯೇ ಸರಿಯೆಂದು ಸಾಬೀತಾಗುತ್ತಿತ್ತು. ತಮ್ಮಂದಿರ ಸ್ಲೇಟು ನೋಡಿ ತಾವಾಗಿ ಅಕ್ಷರ ಕಲಿತಿದ್ದರು. ಮಧ್ಯಾಹ್ನ ಜಗಲಿಯಲ್ಲಿ ಕುಳಿತು ದೊಡ್ಡ ದನಿಯಲ್ಲಿ ಪೇಪರು ಓದುತ್ತಿದ್ದರು, ಕೆಲಸದವರೂ ಬಂದು ಕೂತು ಕೇಳುತ್ತಿದ್ದರು. ಇಷ್ಟನ್ನು ಕಣ್ಣಾರೆ ಕಂಡವಳು ಐವತ್ತು ವರ್ಷ ಅದಕ್ಕೆ ಕೊಳಲಿನ ಹಿನ್ನೆಲೆ ಹಾಕಿಕೊಂಡು ಬಂದಿದ್ದೆ. ಇದಕ್ಕೆ ಯಾವ ತಂತ್ರಾಂಶವೂ ಕಾರಣವಲ್ಲ.

ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದು, ಇನ್ನೊಮ್ಮೆ ಮಾಡುವ ಎಂದೆ. ಈ ಸಲ ನನಗೆ ದಾರಿ ತೋರಿಸಿದ್ದು ಯಕ್ಷಗಾನ. ಮೇಳ ಊರಿಗೆ ಬಂದ ಸಂಜೆ ಆಟದ ಬಯಲಿನಲ್ಲಿ ಚೆಂಡೆ ಮದ್ದಳೆಗಳ ಕೇಳಿ ಬಡಿಯುತ್ತಾರೆ. ಗದ್ದೆಯಾಚೆ, ಹೊಳೆಯಾಚೆ ಇರುವವರಿಗೆ ಇಂದು ಆಟ ಇದೆ ಎಂದು ತಿಳಿಯುತ್ತದೆ. ವೇಷವಿಲ್ಲ, ಮುಖವಿಲ್ಲ, ಪ್ರಸಂಗ ಯಾವುದೆಂದೂ ಹೇಳುವುದಿಲ್ಲ. ಆದರೆ ಆ ಚೆಂಡೆ ರಾತ್ರಿ ಆಟದಲ್ಲಿ ಬಾರಿಸುವ ಅದೇ ಚೆಂಡೆ. ಅದೇ ಪಾತ್ರೆಯ ಅಗುಳು. ನಮ್ಮ ಕರಾವಳಿಯವರಿಗೆ ಟ್ರೈಲರ್ ಹೊಸತೇನಲ್ಲ.

ಅಮೃತರಾಯನ ಮನೆ ಸೇರಲೆಂದು ಇಂದಿರೆ ತವರು ಬಿಡುವ ಭಾಗವನ್ನು ಆರಿಸಿಕೊಂಡೆವು. ಯಾವ ಸಾಲಿನಿಂದ ಶುರು, ಯಾವ ಸಾಲಿಗೆ ನಿಲುಗಡೆ ಎಂಬುದಕ್ಕೆ ಮಕ್ಕಳೊಂದಿಗೆ ಮೂರು ದಿನ ಚರ್ಚೆಯಾಯಿತು. ಒಬ್ಬಳು ಅವಳ ಭಯದಿಂದ ಶುರುಮಾಡಬೇಕೆಂದಳು. ಇನ್ನೊಬ್ಬ, ಭಯ ಬೇಡ, ನಿರ್ಧಾರದಿಂದ ಎಂದ. ನಾನು ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿದ್ದೇನೆ. ಸಾರಾಂಶ ಬರೆಯಿರಿ, ಪಾತ್ರಚಿತ್ರಣ ಬರೆಯಿರಿ ಎಂದು ಹೇಳಿದಾಗ ಇಂಥ ಜಗಳ ಒಮ್ಮೆಯೂ ಆಗಿರಲಿಲ್ಲ. ಒಂದು ನಿಮಿಷದಲ್ಲಿ ಒಂದು ಪುಸ್ತಕದಿಂದ ಏನನ್ನು ಉಳಿಸುತ್ತೀರಿ ಎಂದು ಕೇಳಿದರೆ, ಆ ಪುಸ್ತಕ ಏನು ಎಂದು ಹೇಳಲೇಬೇಕಾಗುತ್ತದೆ. ಕತ್ತರಿ ಹಿಡಿದವರು ತಪ್ಪಿಸಿಕೊಳ್ಳುವಂತಿಲ್ಲ. ವಿಮರ್ಶೆಯೆಂದರೆ ಇದೇ ಅಲ್ಲವೇ?

ಓದಲು ಅದೇ ಹುಡುಗಿಯನ್ನು ಕರೆದೆವು, ಸೀರೆ ಇಲ್ಲದೆ. ಬಿಸಿಯೂಟದ ಉಗ್ರಾಣದಲ್ಲಿ ಅಕ್ಕಿಮೂಟೆಗಳ ನಡುವೆ ಕುಳಿತು ಧ್ವನಿ ಹಿಡಿದೆವು; ಮೂಟೆಗಳು ಪ್ರತಿಧ್ವನಿಯನ್ನು ನುಂಗುತ್ತವೆ. ಮೊಬೈಲಿನಲ್ಲಿ ಮುದ್ರಿಸಿ, ಆಡಾಸಿಟಿ ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ಕಾಗೆಯ ಕೂಗು ಬಿದ್ದ ಕಡೆ ಕತ್ತರಿಸಿದೆವು. ಧ್ವನಿ ಪರದೆಯ ಮೇಲೆ ಗುಡ್ಡಗಳ ಸಾಲಿನಂತೆ ಕಾಣುತ್ತದೆ, ಮೌನ ಗದ್ದೆಯಂತೆ ಚಪ್ಪಟೆ. ಹಳೆಯ ಗದ್ಯದ ಒಂದೊಂದು ವಾಕ್ಯವೂ ಉದ್ದ. ಒಂದು ವಾಕ್ಯಕ್ಕೆ 19 ಸೆಕೆಂಡು ಬೇಕಾಯಿತು. ಒಂದು ಚಿತ್ರಕ್ಕೆ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಕೊಡಬಾರದೆಂದು ಹುಡುಗನ ಅಭಿಪ್ರಾಯ. ನೋಡುವವರು ಬೆರಳು ತಳ್ಳಿ ಮುಂದೆ ಹೋಗುತ್ತಾರಂತೆ. ಹೋಗಲಿ ಎಂದೆ. ಆ ವಾಕ್ಯವನ್ನು ಕೇಳುವ ವ್ಯವಧಾನವಿಲ್ಲದವರು ಪುಸ್ತಕವನ್ನು ಹೇಗೂ ಓದುವುದಿಲ್ಲ. ಚಿತ್ರವಾಗಿ ಮುದ್ರಿತ ಪುಟ ಮಾತ್ರ, ಅದರ ಮೇಲೆ ಸಾಲಿನುದ್ದಕ್ಕೂ ಸಾಗುವ ಹುಡುಗಿಯ ತೋರುಬೆರಳು. ಸಂಗೀತವಿಲ್ಲ. ಅವಳು ಹೊಸ್ತಿಲು ದಾಟುವಲ್ಲಿಗೆ ಓದು ನಿಲ್ಲುತ್ತದೆ. ಬೆರಳು ಪುಟದ ಕೊನೆಯಲ್ಲಿ ಇರುತ್ತದೆ. ಎರಡು ಸೆಕೆಂಡು ಮೌನ. ಪುಸ್ತಕದ ಹೆಸರು. ಒಟ್ಟು 58 ಸೆಕೆಂಡು.

ಚಪ್ಪಾಳೆ ಕಡಿಮೆ. "ಮೊದಲಿನದೇ ಚೆನ್ನಾಗಿತ್ತು ಮೇಡಂ" ಎಂದರು ಮುಖ್ಯೋಪಾಧ್ಯಾಯರು. ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದವರು ಮೂವರು. ಹಾಗಾಗಿ ಇದು ನನ್ನ ಗೆಲುವಿನ ವರದಿಯಲ್ಲ. ಎರಡನೆಯದರಲ್ಲೂ ಕೊರತೆಗಳಿವೆ, ವೆಂಕಟರಾಯರ ಹಾಸ್ಯ ಅದರಲ್ಲೂ ಬರಲಿಲ್ಲ. ಅದಕ್ಕೆ ಸಂತಮಂಡಳಿಯ ಭಾಗವನ್ನು ಓದಿಸಬೇಕು. ಮುಂದಿನ ವರ್ಷ ನೋಡಬೇಕು.

ಆದರೆ ಹುಡುಗಿ ಪುಸ್ತಕವನ್ನು ಹೆಸರಿಗೆ ಬರೆಸಿಕೊಂಡು ಹೋದಳು. ಹದಿನೈದು ದಿನ ಕಳೆದರೂ ಬರಲಿಲ್ಲ, ಒಂದು ತಿಂಗಳಾಯಿತು. ಪುಸ್ತಕ ಎಲ್ಲಿ ಎಂದು ಗದರಿಸಿದೆ.

"ನಾನು ಓದಿ ಆಯಿತು ಟೀಚರ್. ಅಜ್ಜಿಗೆ ಕಣ್ಣು ಕಾಣುವುದಿಲ್ಲ ಅಲ್ಲವಾ, ಅವರಿಗೆ ಓದಿ ಹೇಳುತ್ತಿದ್ದೇನೆ. ನಿದ್ದೆ ಬಾರದ ದಿನ ನಾಲ್ಕು ಪುಟ ಆಗುತ್ತದೆ."

"ಎಲ್ಲಿಗೆ ಬಂತು?"

"ಇನ್ನೂ ಮನೆಯಲ್ಲೇ ಇದ್ದಾಳೆ. ಅಜ್ಜಿಗೆ ಅಂಬಾಬಾಯಿಯ ಮೇಲೆ ಸಿಟ್ಟು ಬಂದಿದೆ, ಅವಳು ಬಂದಾಗೆಲ್ಲ ಬೈಯುತ್ತಾರೆ. ಅದಕ್ಕೇ ತಡ."

ರಿಜಿಸ್ಟರಿನಲ್ಲಿ ವಾಯಿದೆಯನ್ನು ಮುಂದೂಡಿ ಬರೆದೆ.